ಸ್ಟೆಪ್ನಿ ಒಂದೇ, ಪಂಕ್ಚರ್ ಎರಡು

ಆಫೀಸಿನ ಸೀಲಿಂಗ್‌ಗೆ ಅಂಟಿಕೊಂಡಿರುವ ಬಿಳಿ ಡಬ್ಬಿಯನ್ನು ನೀವು ನೋಡಿರ್ತೀರಿ. ಅದು ವೈಫೈ ಆಕ್ಸೆಸ್ ಪಾಯಿಂಟ್. ದೊಡ್ಡ ಕಟ್ಟಡಗಳಲ್ಲಿ ಅದು ಸಾಮಾನ್ಯವಾಗಿ ಸ್ವಂತ ಬುದ್ಧಿಯಿಂದ ನಡೆಯೋದಿಲ್ಲ. ಯಾವ ಚಾನೆಲ್, ಎಷ್ಟು ಪವರ್, ಯಾರನ್ನು ಒಳಗೆ ಬಿಡಬೇಕು ಅನ್ನೋದನ್ನೆಲ್ಲ ಸರ್ವರ್ ರೂಮಿನ ಕಂಟ್ರೋಲರ್ ನೋಡಿಕೊಳ್ಳುತ್ತೆ. ಅದು ಕೆಟ್ಟರೆ ನೂರಾರು ಡಬ್ಬಿಗಳು ಒಟ್ಟಿಗೆ ಅನಾಥ. ಅದಕ್ಕೇ ಇನ್ನೊಂದನ್ನು ಮೀಸಲು ಇಡುತ್ತೇವೆ.

ಇಡೋಕೆ ಎರಡು ದಾರಿ. ಪ್ರತಿ ಕಂಟ್ರೋಲರ್‌ಗೂ ಒಂದು ಅವಳಿ ಇಡೋದು ಮೊದಲನೆಯದು. ಯಾರ್ಯಾರು ಕನೆಕ್ಟ್ ಆಗಿದ್ದಾರೆ ಅನ್ನುವ ಲೆಕ್ಕ ಅವಳಿಯ ಹತ್ತಿರವೂ ಇರುತ್ತೆ. ಒಂದು ಬಿದ್ದರೆ ಬಳಸುವವರಿಗೆ ಹೆಚ್ಚುಕಮ್ಮಿ ಗೊತ್ತೇ ಆಗಲ್ಲ. ಎರಡನೆಯದು ಎನ್ ಪ್ಲಸ್ ಒನ್: ಎಲ್ಲದಕ್ಕೂ ಸೇರಿ ಒಂದೇ ಸ್ಟೆಪ್ನಿ. ಖರ್ಚು ಕಡಿಮೆ, ಬಜೆಟ್ ಮೀಟಿಂಗಿಗೆ ಇದೇ ಇಷ್ಟ.

ಒಂದು ಆಸ್ಪತ್ರೆ ಅಂದುಕೊಳ್ಳಿ. ಮೂರು ಕಂಟ್ರೋಲರ್, ತಲಾ 400 ಡಬ್ಬಿ. ಸ್ಟೆಪ್ನಿಯಲ್ಲಿ 500ಕ್ಕೆ ಜಾಗ. ಒಂದು ಕೆಟ್ಟರೆ ಆರಾಮ. ಆದರೆ ಎರಡು ಒಂದೇ ರ‍್ಯಾಕಿನಲ್ಲಿ, ಒಂದೇ ಯುಪಿಎಸ್ ಮೇಲಿದ್ದರೆ ಜೊತೆಯಾಗೇ ಬೀಳುತ್ತವೆ. ಆಗ 800 ಡಬ್ಬಿ, 500 ಜಾಗ. 300 ಹೊರಗೆ.

ಯಾವ 300?

ಸಿಸ್ಕೋ ಕಂಟ್ರೋಲರ್‌ಗಳಲ್ಲಿ ಇದಕ್ಕೊಂದು ಸೆಟ್ಟಿಂಗ್ ಇದೆ. ಪ್ರತಿ ಡಬ್ಬಿಗೂ ಲೋ, ಮೀಡಿಯಂ, ಹೈ, ಕ್ರಿಟಿಕಲ್ ಅಂತ ದರ್ಜೆ ಕೊಡಬಹುದು. ಜಾಗ ತುಂಬಿದಾಗ ಮೇಲಿನ ದರ್ಜೆಯದು ಬಂದರೆ ಕೆಳಗಿನದನ್ನು ಎಬ್ಬಿಸಿ ಅದನ್ನು ಕೂರಿಸುತ್ತೆ. ನಾವೇನೂ ಮುಟ್ಟದಿದ್ದರೆ ಎಲ್ಲವೂ ಲೋ.

ನೆಟ್‌ವರ್ಕ್ ಕೆಲಸದಲ್ಲಿರುವ ನನಗೆ ಇದು ಬರೀ ಸೆಟ್ಟಿಂಗ್ ಅನ್ನಿಸಲ್ಲ. ಯಾರನ್ನು ಕೈಬಿಡಬೇಕು ಅಂತ ಮೊದಲೇ ಬರೆದಿಡೋದು ಕಲ್ಲುಮನಸ್ಸಿನ ಕೆಲಸ, ಮೊದಲು ಬಂದವರಿಗೆ ಜಾಗ ಅಂದರೆ ಸಾಕಲ್ಲ ಅನ್ನುವವರಿದ್ದಾರೆ. ಕೇಳೋಕೆ ನ್ಯಾಯವೇ. ಆದರೆ ಅಲ್ಲಿ ಮೊದಲು ಬರೋದು ಅವಶ್ಯಕತೆ ಇರುವ ಡಬ್ಬಿಯಲ್ಲ, ಯಾವುದೋ ಕಾರಣಕ್ಕೆ ಬೇಗ ಸೇರಿಕೊಂಡದ್ದು. ನಾವು ನಿರ್ಧರಿಸದಿದ್ದರೆ ನಿರ್ಧಾರ ಇಲ್ಲ ಅಂತಲ್ಲ, ಅದು ಅದೃಷ್ಟದ ಪಾಲಾಯಿತು ಅಂತ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋದಕ್ಕಿಂತ, ತಲೆ ತಣ್ಣಗಿರುವಾಗ ಯೋಚಿಸೋದೇ ವಾಸಿ.

ಹಾಗಾದರೆ ಅಳತೆಗೋಲು ಯಾವುದು? ತಲೆ ಎಣಿಸಿದರೆ ವೇಟಿಂಗ್ ಹಾಲ್ ಗೆಲ್ಲುತ್ತೆ, ಐಸಿಯು ಸೋಲುತ್ತೆ. ಹುದ್ದೆ ನೋಡಿದರೆ ಡೈರೆಕ್ಟರ್ ಮಹಡಿ ಕ್ರಿಟಿಕಲ್ ಆಗುತ್ತೆ. ಕೇಳಿದವರಿಗೆಲ್ಲ ಕ್ರಿಟಿಕಲ್ ಕೊಟ್ಟರೆ ಆ ಪದಕ್ಕೇ ಅರ್ಥ ಇರಲ್ಲ. ಮೀಟಿಂಗಿಗೆ ಕರೆಯದವರು ಮಾತ್ರ ಲೋನಲ್ಲೇ ಉಳೀತಾರೆ.

ಜೀವದ ಪ್ರಶ್ನೆ ಇರುವ ಕಡೆ ವಾದವೇ ಬೇಡ. ಉಳಿದ ಕಡೆ ನಾನು ಕೇಳೋದು ಒಂದೇ: ಇದು ನಿಂತರೆ ಇವರಿಗೆ ಬೇರೆ ದಾರಿ ಇದೆಯಾ? ಡೈರೆಕ್ಟರ್ ಮೇಜಿನ ಕೆಳಗೆ ಲ್ಯಾನ್ ವೈರ್ ಇದೆ, ಜೇಬಿನಲ್ಲಿ 5ಜಿ ಇದೆ. ಜನರಲ್ ವಾರ್ಡಿನಲ್ಲಿ ಟ್ಯಾಬ್ ಹಿಡಿದು ಓಡಾಡುವ ನರ್ಸ್‌ಗೆ ವೈರ್ ಎಲ್ಲಿಂದ ತರೋದು? ಮೊಬೈಲ್ ಸಿಗ್ನಲ್ಲೇ ಸಿಗದ ಬೇಸ್‌ಮೆಂಟಿನ ಸೆಕ್ಯುರಿಟಿಯವರ ಹತ್ತಿರ ವೈಫೈ ಬಿಟ್ಟರೆ ಇನ್ನೇನಿದೆ? ಹೀಗೆ ಕೇಳಿದರೆ ಪಟ್ಟಿ ತಲೆಕೆಳಗಾಗುತ್ತೆ. ಆಗಲಿ.

ಇನ್ನೂ ಒಂದು ಮಾತು. ಬಿಟ್ಟುಹೋದ 300 ಯಾವುವು ಅಂತ ಅಲ್ಲಿ ಕೆಲಸ ಮಾಡುವವರಿಗೆ ಮುಂಚೆಯೇ ಹೇಳಬೇಕು. ಅವರು ಒಂದು ಲ್ಯಾಂಡ್‌ಲೈನ್ ಕೇಳಬಹುದು, ಕಾಗದದ ರಿಜಿಸ್ಟರ್ ಇಟ್ಟುಕೊಳ್ಳಬಹುದು, ಜಗಳ ಆಡಲೂಬಹುದು. ಅವರ ಮುಖ ನೋಡಿ ಓದಿ ಹೇಳೋಕೆ ನಮಗೆ ಆಗಲ್ಲ ಅಂದರೆ, ತಿದ್ದಬೇಕಾದದ್ದು ಪಟ್ಟಿಯನ್ನು. ಇಲ್ಲವೇ ಇನ್ನೊಂದು ಸ್ಟೆಪ್ನಿಗೆ ದುಡ್ಡು ಕೇಳಬೇಕು.