ಆರಿಸದ ನಾಣ್ಯಗಳು

ವ್ಯಾಪಾರವು ಗೃಹಸ್ಥನ ಜೀವನಕ್ಕೆ ಆಧಾರ. ಅವನು ಕೈಗೊಂಡ ವ್ರತಗಳಿಗೆ ನಿತ್ಯದ ಪರೀಕ್ಷೆಯೂ ಹೌದು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಮೈಸೂರಿನಿಂದ ಮಾನಂದವಾಡಿಗೆ ಹೋಗುವ ಹಾದಿಯಲ್ಲಿ, ಅಂತರಸಂತೆ ಎಂಬ ಊರಿದೆ. ತನ್ನ ಹೆಸರಿನಲ್ಲಿಯೇ ಸಂತೆಯನ್ನು ಹೊತ್ತ ಊರು ಅದು. ಸಂತೆಯ ಧರ್ಮ ಸರಳವಾದುದು. ಕೊಳ್ಳುವವನು ರಾಗಿಯನ್ನು ಅಂಗೈಯಲ್ಲಿಟ್ಟು ಊದಿ ನೋಡುತ್ತಾನೆ. ಅವರೆಕಾಯಿಯ ಸೊಗಡನ್ನು ಮೂಸಿ ನೋಡುತ್ತಾನೆ. ಎತ್ತಿನ ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಕಂಡದ್ದಕ್ಕೆ ಬೆಲೆ ಕಟ್ಟುವುದು ಸಂತೆಯ ರೀತಿ. ಇಂದು ಅದೇ ಊರಿನ ತರುಣನ ಕೈಯಲ್ಲಿರುವ ಮೊಬೈಲಿನಲ್ಲಿ ಇನ್ನೊಂದು ಸಂತೆ ನೆರೆದಿದೆ. ಅಲ್ಲಿ ಕಾಣದಿರುವುದಕ್ಕೇ ಬೆಲೆ ಕಟ್ಟುವ ಸರಕೂ ಇದೆ. 'ಯಾರೂ ಆರಿಸದ ಹಳೆಯ ನಾಣ್ಯಗಳು' ಎಂಬುದು ಅಂಥ ಸರಕುಗಳಲ್ಲಿ ಒಂದು.

ಈ ವ್ಯಾಪಾರವು ಹೆಚ್ಚು ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿ 1909ರಿಂದ 1958ರವರೆಗೆ ಒಂದು ಸೆಂಟಿನ ನಾಣ್ಯದ ಹಿಂಬದಿಯಲ್ಲಿ ಗೋಧಿಯ ತೆನೆಗಳನ್ನು ಅಚ್ಚೊತ್ತುತ್ತಿದ್ದರು. ಅವುಗಳಲ್ಲಿ ಬಹುಪಾಲು ಸಾಮಾನ್ಯ ನಾಣ್ಯಗಳು. ಆದರೆ 1909ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯಿಂದ ಹೊರಬಂದ, ಶಿಲ್ಪಿಯ ಹೆಸರಿನ ಮೂರು ಮೊದಲಕ್ಷರಗಳುಳ್ಳ ನಾಣ್ಯಗಳು 4,84,000 ಮಾತ್ರ. ಸಂಗ್ರಾಹಕರು ಅದಕ್ಕೆ ದೊಡ್ಡ ಬೆಲೆ ಕೊಡುತ್ತಾರೆ. ಐವತ್ತು ಸೆಂಟುಗಳನ್ನು ಕಾಗದದಲ್ಲಿ ಸುತ್ತಿದ ಸುರುಳಿಗಳನ್ನು, ಬಹುಕಾಲದಿಂದ ಬಿಚ್ಚಿಲ್ಲ, ಆರಿಸಿಲ್ಲ ಎಂಬ ಹೇಳಿಕೆಯೊಡನೆ ಅಂತರಜಾಲದಲ್ಲಿ ಮಾರುತ್ತಾರೆ. ಸುರುಳಿಯ ಒಂದು ತುದಿಯಲ್ಲಿ 1909ಕ್ಕಿಂತ ಹಿಂದಿನ ನಾಣ್ಯವೊಂದು ಇಣುಕುತ್ತಿರುತ್ತದೆ. ತುದಿಯಲ್ಲಿಯೇ ಇಂಥದಿದ್ದರೆ ಒಳಗೆ ಇನ್ನೇನಿರಬಹುದು ಎಂದು ನೋಡಿದವನ ಮನಸ್ಸು ತಾನೇ ಲೆಕ್ಕ ಹಾಕತೊಡಗುತ್ತದೆ. ನಮ್ಮ ದೇಶದಲ್ಲಿ ಇದರ ರೂಪ ಬೇರೆ. ಇಲ್ಲಿ ತಾಮ್ರದ ಹಳೆಯ ಕಾಸುಗಳು ತೂಕದ ಲೆಕ್ಕದಲ್ಲಿ, ರಾಶಿಯ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಟಿಪ್ಪುವಿನ ಆನೆಯ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸು ಚಿತ್ರದಲ್ಲಿ ಮೇಲೆ ಕಾಣುತ್ತವೆ. ರಾಶಿಯ ಉಳಿದ ಭಾಗ ಮಸುಕು.

ಈ ಹೇಳಿಕೆ ಎಷ್ಟರಮಟ್ಟಿಗೆ ನಿಜವಾಗಿರಬಲ್ಲದು? ಒಂದು ಸುರುಳಿಯನ್ನು ಬಿಚ್ಚಿ ನೋಡಲು ಕೆಲವು ನಿಮಿಷ ಸಾಕು. ಮತ್ತೆ ಸುತ್ತಲು ಕಾಗದವೂ ಸಾಧನವೂ ಸುಲಭವಾಗಿ ದೊರೆಯುತ್ತವೆ. ಅಪರೂಪದ ನಾಣ್ಯದ ಬೆಲೆಯನ್ನು ಅರಿತ ವ್ಯಾಪಾರಿಯು ಅದು ಒಳಗಿರಬಹುದೆಂದು ತಾನೇ ಸೂಚಿಸುತ್ತ, ಒಳಗೆ ನೋಡದೆ ಮಾರುವನೆಂಬುದು ನಂಬಲು ಕಷ್ಟ. ನೋಡಿದ್ದರೆ ಮಾತು ಸುಳ್ಳು. ತಾನು ನೋಡದಿದ್ದರೂ, ತನಗೆ ಮಾರಿದವನು ನೋಡಿದ್ದಾನೆಂದು ಬಲ್ಲವನಾಗಿದ್ದರೆ ಮಾತು ಅಕ್ಷರಕ್ಕೆ ನಿಜ, ಅರ್ಥಕ್ಕೆ ಸುಳ್ಳು. ಎರಡನೆಯದು ಹೆಚ್ಚು ಅಪಾಯಕಾರಿ. ಏಕೆಂದರೆ ಮೊದಲನೆಯವನಿಗೆ ತಾನು ಸುಳ್ಳು ಹೇಳಿದೆನೆಂಬ ಅರಿವಾದರೂ ಇರುತ್ತದೆ. ಎರಡನೆಯವನು ತನ್ನನ್ನು ಸತ್ಯವಂತನೆಂದೇ ಭಾವಿಸಿರುತ್ತಾನೆ.

ಶ್ರಾವಕಾಚಾರದ ಪರಂಪರೆಯು ಇಂಥ ನಡತೆಗೆ ಬಹಳ ಹಿಂದೆಯೇ ಹೆಸರುಗಳನ್ನಿಟ್ಟಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು ಸೇರಿಸುತ್ತದೆ. ಆಗದುದನ್ನು ಆಯಿತೆಂದು ಬರೆದು ಇನ್ನೊಬ್ಬನನ್ನು ವಂಚಿಸುವುದು ಅದರ ಅರ್ಥ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕವ್ಯವಹಾರವನ್ನು ಹೇಳುತ್ತದೆ. ಕೃತಕವಾದ ಚಿನ್ನ ಮೊದಲಾದವುಗಳಿಂದ ಮೋಸದ ವ್ಯವಹಾರ ನಡೆಸುವುದೆಂದು ಅದನ್ನು ವಿವರಿಸುತ್ತಾರೆ. ಆರಿಸಿ ಉಳಿದ ನಾಣ್ಯಗಳನ್ನು ಆರಿಸದ ನಾಣ್ಯಗಳ ವೇಷದಲ್ಲಿ ಮಾರುವವನಲ್ಲಿ ಲೋಹವು ಅಸಲಿಯೇ ಇರಬಹುದು. ಅವನು ಕೃತಕವಾಗಿ ತಯಾರಿಸಿರುವುದು ಆಸೆಯನ್ನು.

ಮಾರುವವನ ದೋಷವನ್ನು ಎತ್ತಿ ತೋರಿಸುವುದು ಸುಲಭ. ಕೊಳ್ಳುವವನ ಮನಸ್ಸನ್ನು ಪರಿಶೀಲಿಸುವುದು ಅಷ್ಟು ಸುಲಭವಲ್ಲ. ಆರಿಸದ ರಾಶಿಯನ್ನು ಕೊಳ್ಳುವವನು ನಿಜವಾಗಿ ಕೊಳ್ಳುವುದೇನನ್ನು? ಸಾಮಾನ್ಯ ನಾಣ್ಯಗಳೇ ಬೇಕಾಗಿದ್ದರೆ ಅವನ್ನು ಕಡಿಮೆ ಬೆಲೆಗೆ ನೋಡಿಯೇ ಕೊಳ್ಳಬಹುದಾಗಿತ್ತು. ಹೆಚ್ಚಿನ ಬೆಲೆಯನ್ನು ಅವನು ಕೊಡುವುದು ಮಾರುವವನ ಅಜ್ಞಾನಕ್ಕಾಗಿ. ಇವನಿಗೆ ತಿಳಿಯದೆ ಇದರೊಳಗೆ ಸಾವಿರದ ವಸ್ತುವಿದ್ದರೆ ಅದು ನೂರಕ್ಕೆ ನನ್ನದಾಗಲಿ ಎಂಬುದೇ ಅವನ ಒಳಗಿನ ಎಣಿಕೆ. ಮಾರುವವನೋ, ಈ ಎಣಿಕೆಯನ್ನು ಬಲ್ಲವನಾಗಿ, ಇಲ್ಲದ ಅಜ್ಞಾನವನ್ನು ನಟಿಸುತ್ತಾನೆ. ಹೀಗೆ ಒಬ್ಬರ ಅರಿಯದಿಕೆಯಿಂದ ಇನ್ನೊಬ್ಬರು ಲಾಭ ಪಡೆಯಲು ಇಬ್ಬರೂ ಕಾದಿರುತ್ತಾರೆ. ಮೋಸಹೋದವನ ದುಃಖ ನಿಜವಾದುದೇ. ಆದರೆ ತನಗೆ ಆದದ್ದನ್ನು ಎದುರಿನವನಿಗೆ ಮಾಡಲು ತಾನೂ ಸಿದ್ಧನಾಗಿದ್ದನೆಂಬುದನ್ನು ಅವನು ಮರೆಯಬಾರದು.

ಇಲ್ಲಿ ಮೂಲಪ್ರಶ್ನೆ ಏಳುತ್ತದೆ. ಇನ್ನೊಬ್ಬನ ಅರಿಯದಿಕೆಯಿಂದ ಲಾಭ ಪಡೆಯುವುದು ಚೌರ್ಯವೇ? ಚೌರ್ಯವೆಂದರೆ ಕೊಡದಿರುವುದನ್ನು ತೆಗೆದುಕೊಳ್ಳುವುದು. ಅರಿಯದೆ ಕೊಟ್ಟದ್ದು ಕೊಟ್ಟಂತಾಯಿತೇ? ಇದಕ್ಕೆ ಬಲವಾದ ಒಂದು ಆಕ್ಷೇಪವಿದೆ. ನಾಣ್ಯಶಾಸ್ತ್ರವನ್ನು ವರ್ಷಗಟ್ಟಲೆ ಓದಿ, ಸವೆದ ಅಕ್ಷರಗಳನ್ನು ಗುರುತಿಸಲು ಕಲಿತವನ ಜ್ಞಾನಕ್ಕೆ ಪ್ರತಿಫಲ ಬೇಡವೇ? ತಿಳಿದದ್ದನ್ನೆಲ್ಲ ಎದುರಿನವನಿಗೆ ಹೇಳಿಯೇ ಕೊಳ್ಳಬೇಕೆಂದರೆ ತಿಳಿಯುವ ಶ್ರಮವನ್ನು ಯಾರು ಪಡುತ್ತಾರೆ? ಧಾನ್ಯದ ವ್ಯಾಪಾರಿಯೂ ಮುಂದಿನ ತಿಂಗಳ ಬೆಲೆಯನ್ನು ಊಹಿಸಿಯೇ ಕೊಳ್ಳುತ್ತಾನಲ್ಲವೇ?

ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ಬೇರ್ಪಡಿಸಬೇಕು. ಇಬ್ಬರು ನಾಣ್ಯವ್ಯಾಪಾರಿಗಳು ಎದುರುಬದುರಾಗಿ ಕುಳಿತು, ನೋಡುವ ಅವಕಾಶ ಇಬ್ಬರಿಗೂ ಇದ್ದು, ನೋಡದೆಯೇ ರಾಶಿಗೆ ಬೆಲೆ ಒಪ್ಪಿಕೊಂಡರೆನ್ನೋಣ. ಅಲ್ಲಿ ಒಳಗೆ ದೊರೆತದ್ದು ಕೊಂಡವನದು. ಮಾರಿದವನು ಆ ಸಂಭವವನ್ನು ಅರಿತೇ ಬಿಟ್ಟುಕೊಟ್ಟಿದ್ದಾನೆ. ಅದು ಕೊಟ್ಟದ್ದೇ ಸರಿ. ಆ ವ್ಯವಹಾರದಲ್ಲಿ ದ್ಯೂತದ ಛಾಯೆ ಇರಬಹುದು, ಚೌರ್ಯವಿಲ್ಲ.

ಇನ್ನೊಂದು ಸಂದರ್ಭವನ್ನು ಊಹಿಸಬಹುದು. ಅಂತರಸಂತೆಯಂಥ ಊರಿನ ಒಬ್ಬ ಅಜ್ಜಿಯ ಮನೆಯಲ್ಲಿ ಹಿರಿಯರ ಕಾಲದ ಡಬ್ಬಿಯೊಂದಿದೆ. ಅದರಲ್ಲಿ ತಾಮ್ರದ ಕಾಸುಗಳ ನಡುವೆ ಉಗುರಿನಷ್ಟೂ ಇಲ್ಲದ ಹಳದಿಯ ಬಿಲ್ಲೆಯೊಂದು ಸಿಕ್ಕಿಕೊಂಡಿದೆ. ಅದು 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಹೊರಡಿಸಿದ, ನರಸಿಂಹನ ಮೂರ್ತಿಯುಳ್ಳ ಚಿನ್ನದ ಕಂಠೀರಾಯ ಹಣ. ಅರ್ಧ ಗ್ರಾಮೂ ತೂಗದ ಆ ಬಿಲ್ಲೆಯನ್ನು ಅಜ್ಜಿ ಗುರುತಿಸಲಾರಳು. ಡಬ್ಬಿಯನ್ನು ಕೊಳ್ಳಬಂದವನಿಗೆ ಅವಳು, 'ನೀವೇ ನೋಡಿ ಕೊಡಿ ಸ್ವಾಮಿ' ಎನ್ನುತ್ತಾಳೆ. ಬಂದವನು ಬಿಲ್ಲೆಯನ್ನು ಕಂಡಿದ್ದಾನೆ, ಗುರುತಿಸಿದ್ದಾನೆ, ತಾಮ್ರದ ಬೆಲೆ ಕೊಟ್ಟು ಡಬ್ಬಿಯನ್ನು ಎತ್ತಿಕೊಳ್ಳುತ್ತಾನೆ. ಅವನು ಒಂದು ಸುಳ್ಳನ್ನೂ ಆಡಲಿಲ್ಲ.

ಈ ಮೌನಕ್ಕೆ ಹೆಸರೇನು? ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೆಂಬುದು ಒಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸಿರುವ ಬಗೆ ಇಲ್ಲಿ ಮನನೀಯವಾಗಿದೆ. ಒಬ್ಬನು ಇನ್ನೊಬ್ಬನಲ್ಲಿ ಚಿನ್ನವನ್ನು ಇಟ್ಟು, ಎಷ್ಟು ಇಟ್ಟೆನೆಂಬುದನ್ನು ಮರೆತು, ಕಡಿಮೆಯೇ ಇಟ್ಟಿದ್ದೆನೆಂದು ತಿಳಿದು ಅಷ್ಟನ್ನೇ ತೆಗೆದುಕೊಳ್ಳುವಾಗ, ಇಟ್ಟುಕೊಂಡವನು ಹಾಗೆಯೇ ಆಗಲೆಂದು ಸಮ್ಮತಿಸುವುದು ಈ ದೋಷ. ಅಲ್ಲಿಯೂ ಕಸಿದುಕೊಂಡದ್ದಿಲ್ಲ, ಇನ್ನೊಬ್ಬನ ತಪ್ಪುತಿಳಿವಿಗೆ ತಲೆಯಾಡಿಸಿದ್ದಷ್ಟೇ. 'ನೀವೇ ನೋಡಿ ಕೊಡಿ' ಎಂದಾಗ ಅಜ್ಜಿಯು ತನ್ನ ವಿಶ್ವಾಸವನ್ನು ಅವನಲ್ಲಿ ನ್ಯಾಸವಾಗಿ ಇಟ್ಟಳು. ನೋಡುವ ಕೆಲಸವನ್ನು ಅವನಿಗೆ ವಹಿಸಿದಳು. ಆದುದರಿಂದ ನೋಡಿದ್ದನ್ನು ಹೇಳುವ ಹೊಣೆಯೂ ಅವನದಾಯಿತು. ಅವನ ಜ್ಞಾನಕ್ಕೆ ಪ್ರತಿಫಲ ಸಲ್ಲಬೇಕಾದುದೇ. ಬಿಲ್ಲೆ ಇಂಥದೆಂದು ತಿಳಿಸಿ, ಮಾರಿಸಿಕೊಟ್ಟದ್ದಕ್ಕೆ ಇಷ್ಟು ಎಂದು ಕೇಳಿ ಪಡೆಯಬಹುದು. ಹಾಗೆ ಪಡೆದದ್ದು ಜ್ಞಾನದ ಕೂಲಿ. ಮುಚ್ಚಿಟ್ಟು ಪಡೆದದ್ದು ಅಜ್ಜಿಯ ಸ್ವತ್ತು. ಇನ್ನು ಬಿಲ್ಲೆ ಅವನಿಗೂ ಕಾಣದೆ, ಡಬ್ಬಿ ಮನೆಗೆ ಬಂದಮೇಲೆ ದೊರೆತರೆ? ಕೊಳ್ಳುವಾಗ ದೋಷವಿರಲಿಲ್ಲ. ಆದರೆ ನಂಬಿ ಕೊಟ್ಟವಳ ಮನೆಯ ದಾರಿ ಅವನಿಗೆ ಗೊತ್ತಿದೆ. ಗೊತ್ತಿದ್ದೂ ಹೋಗದಿದ್ದರೆ ಅಲ್ಲಿಂದ ಮುಂದೆ ದೋಷ ಆರಂಭವಾಗುತ್ತದೆ.

ಈ ಆಸೆಗೆ ಇನ್ನೊಂದು ಮುಖವೂ ಇದೆ. ಟ್ರ್ಯಾಕ್ಟರಿನ ಚಿತ್ರವಿರುವ ಐದು ರೂಪಾಯಿಯ ನೋಟಿಗೆ ಲಕ್ಷಗಟ್ಟಲೆ ಹಣ ಬರುತ್ತದೆಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದೆ. ಮಾರಲು ಹೊರಟವರಿಂದ ಶುಲ್ಕ, ತೆರಿಗೆ, ಕಮಿಷನ್ ಎಂದು ಮುಂಗಡ ಹಣ ಕೀಳುವವರು ಹುಟ್ಟಿಕೊಂಡರು. ಕೆಲವರು ರಿಸರ್ವ್ ಬ್ಯಾಂಕಿನ ಹೆಸರನ್ನೂ ಲಾಂಛನವನ್ನೂ ಬಳಸಿದರು. 2021ರ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕು ಪ್ರಕಟಣೆ ಹೊರಡಿಸಿ, ತಾನು ಇಂಥ ವ್ಯವಹಾರದಲ್ಲಿ ತೊಡಗಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಎಚ್ಚರಿಸಬೇಕಾಯಿತು. ಅಲ್ಲಿ ಕೊಳ್ಳುವವನ ಆಸೆಯನ್ನು ಕೆರಳಿಸಿದರು. ಇಲ್ಲಿ ಮಾರುವವನ ಆಸೆಯನ್ನು. ಶ್ರಮಕ್ಕೂ ಬೆಲೆಗೂ ಸಂಬಂಧ ಕಡಿದ ಲಾಭದ ನಿರೀಕ್ಷೆ ಎರಡು ಕಡೆಯೂ ಒಂದೇ.

ಈ ವ್ಯಾಪಾರದಲ್ಲಿ ಮೂರನೆಯದೊಂದು ನಷ್ಟವೂ ಇದೆ. ಅದು ಇತಿಹಾಸದ ನಷ್ಟ. ಅಂತರಸಂತೆ ಇರುವ ಸೀಮೆ ಪ್ರಾಚೀನ ಪುನ್ನಾಟ ರಾಜ್ಯದ್ದು. ಅದರ ರಾಜಧಾನಿ ಕೀರ್ತಿಪುರವು ಕಬಿನಿ ತೀರದ ಕಿತ್ತೂರೆಂದು ವಿದ್ವಾಂಸರು ಗುರುತಿಸಿದ್ದಾರೆ. ಹರಿವಂಶಪುರಾಣವನ್ನು 783ರಲ್ಲಿ ರಚಿಸಿದ ಜಿನಸೇನಾಚಾರ್ಯರ ಸಂಘಕ್ಕೆ ಹೆಸರು ಕೊಟ್ಟ ನಾಡು ಇದೇ. ಗ್ರೀಕ್ ಭೂಗೋಳಜ್ಞ ಟಾಲೆಮಿಯು ಇಲ್ಲಿಯ ವೈಡೂರ್ಯವನ್ನು ಹೆಸರಿಸಿದ್ದಾನೆ. ಇಂಥ ನೆಲದಲ್ಲಿ ದೊರೆಯುವ ಒಂದು ನಾಣ್ಯದ ಮಹತ್ತ್ವವು ಅದು ಎಲ್ಲಿ, ಯಾವುದರ ಜೊತೆ ಇತ್ತು ಎಂಬುದರಲ್ಲಿದೆ. 1947ರಲ್ಲಿ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಮಾರ್ಟಿಮರ್ ವ್ಹೀಲರ್ ಅಗೆದಾಗ, ಮಣ್ಣಿನ ಪದರದಲ್ಲಿ ದೊರೆತ ರೋಮನ್ ನಾಣ್ಯವು ಆ ಪದರದ ಕಾಲವನ್ನು ನಿರ್ಣಯಿಸಲು ನೆರವಾಯಿತು. ಅದೇ ನಾಣ್ಯ ಚೀಲವೊಂದರಲ್ಲಿ ತೂಕಕ್ಕೆ ಮಾರಿಹೋಗಿದ್ದರೆ ಅದು ಬೆಳ್ಳಿಯ ಚೂರಷ್ಟೇ ಆಗುತ್ತಿತ್ತು.

ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ. ನೂರು ವರ್ಷ ಮೀರಿದ ನಾಣ್ಯಗಳು 1972ರ ಕಾಯಿದೆಯಂತೆ ಪ್ರಾಚ್ಯವಸ್ತುಗಳು. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಮುಚ್ಚಿಟ್ಟು ಸಾಗಿಸಿದ್ದನ್ನು ಕೊಳ್ಳುವುದೂ ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದೂ ಅಚೌರ್ಯವ್ರತದ ಅತಿಚಾರಗಳೇ ಎಂಬುದನ್ನು ಶ್ರಾವಕರು ನೆನೆಯಬೇಕು. ಉಳುವಾಗ ಸಿಕ್ಕ ಗಡಿಗೆಯು ನಿಜವಾಗಿಯೂ ಯಾರೂ ಆರಿಸದ ರಾಶಿ. ಬಲ್ಲವರು ಬಂದು ನೋಡುವವರೆಗೆ ಅದನ್ನು ಆರಿಸದೆ ಇಡುವುದೇ ಧರ್ಮ.

ಹಳೆಯ ನಾಣ್ಯಗಳನ್ನು ಸಂಗ್ರಹಿಸುವುದು ನಿಂದ್ಯವಲ್ಲ. ಪರಿಮಿತಿಯಲ್ಲಿದ್ದರೆ ಅದು ಜ್ಞಾನಕ್ಕೆ ಸಾಧನ. ಮಾರುವವನು ತಾನು ಕಂಡದ್ದನ್ನು ಕಂಡೆನೆಂದೂ ಇತರರು ಆರಿಸಿದ್ದನ್ನು ಬಲ್ಲನಾದರೆ ಹಾಗೆಂದೂ ಹೇಳಲಿ. ಕೊಳ್ಳುವವನು ಕಣ್ಣಿಗೆ ಕಂಡದ್ದಕ್ಕೆ ಮಾತ್ರ ಬೆಲೆ ಕೊಡಲಿ. ಕಾಣದ ಭಾಗಕ್ಕೆ ಹಣ ತೆರುವ ಮೊದಲು, ತಾನು ಕೊಳ್ಳುತ್ತಿರುವುದು ನಾಣ್ಯವನ್ನೋ ಎದುರಿನವನ ಅರಿಯದಿಕೆಯನ್ನೋ ಎಂದು ತನ್ನನ್ನು ಕೇಳಿಕೊಳ್ಳಲಿ. ಅರಿಯದವರ ಮನೆಯಲ್ಲಿ ಕೊಳ್ಳುವಾಗ ಮೊದಲು ತಿಳಿಸಿ, ಆಮೇಲೆ ಚೌಕಾಸಿ ಮಾಡಲಿ. ಇದರಿಂದ ಕೆಲವು ಲಾಭಗಳು ಕೈತಪ್ಪುವುದು ನಿಶ್ಚಯ. ಆ ನಷ್ಟವನ್ನು ಒಪ್ಪಿಕೊಳ್ಳುವುದೂ ವ್ರತಪಾಲನೆಯ ಒಂದು ಭಾಗವೇ ಆಗಿದೆ.