ಬರೆಯುವುದು, ಓದುವುದು, ಅಳಿಸುವುದು: ದಿನಚರಿಯ ಧರ್ಮಜಿಜ್ಞಾಸೆ

ತನ್ನ ದಿನವನ್ನು ತಾನೇ ಬರೆದಿಡುವ ಅಭ್ಯಾಸವನ್ನು ಸದ್ಗುಣವೆಂದು ಶಾಲೆಯ ಪಾಠಗಳಿಂದ ಹಿಡಿದು ಹಿರಿಯರ ಉಪದೇಶದವರೆಗೆ ಎಲ್ಲೆಡೆಯೂ ಒಪ್ಪಿಕೊಂಡಿರುವುದರಿಂದ, ಅದರೊಳಗೆ ಅಡಗಿರುವ ಧಾರ್ಮಿಕ ತೊಡಕು ಸಾಮಾನ್ಯವಾಗಿ ಚರ್ಚೆಗೆ ಬರುವುದಿಲ್ಲ. ಭಾರತದ ದರ್ಶನಗಳಲ್ಲಿ ಬಹುಪಾಲು 'ನಾನು' ಎಂಬ ಅಭಿಮಾನವನ್ನೇ ಬಂಧನದ ಮೂಲವೆಂದು ತಿಳಿಸುತ್ತವೆ; ದಿನಚರಿಯಾದರೋ ದಿನವೂ ಆ 'ನಾನು' ಎಂಬುದರಿಂದಲೇ ವಾಕ್ಯವನ್ನು ಆರಂಭಿಸುತ್ತದೆ. ಹಾಗಿದ್ದ ಮೇಲೆ ಈ ಬರಹವು ಅಹಂಕಾರವನ್ನು ಪೋಷಿಸುತ್ತದೆಯೋ, ಸವೆಸುತ್ತದೆಯೋ ಎಂಬುದು ನಿಜವಾದ ಪ್ರಶ್ನೆ. ಈ ಪ್ರಶ್ನೆಗೆ ಎಲ್ಲ ವಯಸ್ಸಿಗೂ ಹೊಂದುವ ಒಂದೇ ಉತ್ತರವಿಲ್ಲವೆಂಬುದನ್ನೂ, ಬರೆದದ್ದನ್ನು ಮುಂದೆ ಏನು ಮಾಡಲಾಗುತ್ತದೆ ಎಂಬುದರ ಮೇಲೆಯೇ ಉತ್ತರ ನಿಂತಿದೆ ಎಂಬುದನ್ನೂ ತೋರಿಸಲು ಕನ್ನಡ ನಾಡಿನ ಒಂದು ಹಳೆಯ ಪ್ರದೇಶದ ಧಾರ್ಮಿಕ ಪರಂಪರೆಗಳು ನೆರವಾಗುತ್ತವೆ.

ಇಂದಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸುತ್ತಿನ ಸೀಮೆ ಶಾಸನಗಳಲ್ಲಿ ಕೋಗಳಿ ಐನೂರು ಎಂಬ ಹೆಸರಿನಿಂದ ಕಾಣಿಸಿಕೊಳ್ಳುವ ನಾಡು. ಅದಕ್ಕೆ ಹೆಸರು ಕೊಟ್ಟ ಕೋಗಳಿ ಗ್ರಾಮವು ಮಧ್ಯಯುಗದಲ್ಲಿ ಪ್ರಮುಖ ಜೈನ ಕೇಂದ್ರವಾಗಿತ್ತು. ಚಾಲುಕ್ಯ ಒಂದನೆಯ ಸೋಮೇಶ್ವರನ ಆಳ್ವಿಕೆಗೆ ಸೇರಿದ, ಶಕ 977ರ, ಎಂದರೆ ಕ್ರಿ.ಶ. 1055ರ ಶಾಸನವೊಂದು ಇಲ್ಲಿನ ಬಸದಿಯನ್ನು ಗಂಗರ ದೊರೆ ದುರ್ವಿನೀತನು ಕಟ್ಟಿಸಿದನೆಂದೂ ಇಂದ್ರಕೀರ್ತಿ ಎಂಬ ಮುನಿ ಅದಕ್ಕೆ ದಾನ ಕೊಟ್ಟನೆಂದೂ ಹೇಳುತ್ತದೆ. ಹೊಯ್ಸಳ ರಾಮನಾಥನ ಕಾಲದ ಬರಹವು ಚೆನ್ನಪಾರ್ಶ್ವ ದೇವರಿಗೆ ಸಂದ ಕಾಣಿಕೆಗಳನ್ನು ದಾಖಲಿಸುತ್ತದೆ. ಇಲ್ಲಿ ಗಮನಿಸಬೇಕಾದದ್ದು ಕಲ್ಲಿನ ಮೇಲೆ ಏನು ಬರೆಯಲಾಯಿತು ಎಂಬುದರಷ್ಟೇ ಏನನ್ನು ಬರೆಯಲಿಲ್ಲ ಎಂಬುದನ್ನೂ. ದಾನ, ವ್ರತ, ವೀರಮರಣ, ಸಮಾಧಿಮರಣ ಇವೆಲ್ಲ ಸೂರ್ಯಚಂದ್ರರಿರುವ ತನಕ ನಿಲ್ಲಲೆಂದು ಶಿಲೆಗೆ ಏರಿದವು. ಅದೇ ದಾನಿಯ ತಪ್ಪುಗಳು ಎಲ್ಲಿಯೂ ಶಿಲೆಗೆ ಏರಲಿಲ್ಲ. ಅವುಗಳಿಗೆ ಬೇರೊಂದು ಏರ್ಪಾಡು ಇತ್ತು, ಮತ್ತು ಅದು ಉಳಿಸುವ ಏರ್ಪಾಡಾಗಿರದೆ ಇಳಿಸುವ ಏರ್ಪಾಡಾಗಿತ್ತು.

ಆ ಏರ್ಪಾಡನ್ನು ಜೈನಶಾಸ್ತ್ರವು ಪ್ರತಿಕ್ರಮಣ ಎಂದು ಕರೆಯುತ್ತದೆ: ಆದ ದೋಷಗಳನ್ನು ನೆನೆದು, ಅವುಗಳಿಂದ ಹಿಂದಿರುಗುವ ನಿತ್ಯಕರ್ಮ. ಮುನಿಗಳಿಗೆ ವಿಧಿಸಿದ ಆರು ಆವಶ್ಯಕಗಳಲ್ಲಿ ಇದೂ ಒಂದು. ದಿಗಂಬರ ಪರಂಪರೆಯ ಆಚಾರಗ್ರಂಥವಾದ ಮೂಲಾಚಾರವು ಇದನ್ನು ಕಾಲಕ್ಕೆ ತಕ್ಕಂತೆ ವಿಂಗಡಿಸುತ್ತದೆ. ಹಗಲಿನ ದೋಷಗಳಿಗೆ ದೈವಸಿಕ, ಇರುಳಿನವುಗಳಿಗೆ ರಾತ್ರಿಕ, ನಡೆದಾಡುವಾಗ ಜೀವಿಗಳಿಗೆ ಆದ ನೋವಿಗೆ ಐರ್ಯಾಪಥಿಕ, ಹದಿನೈದು ದಿನಕ್ಕೆ ಪಾಕ್ಷಿಕ, ನಾಲ್ಕು ತಿಂಗಳಿಗೆ ಚಾತುರ್ಮಾಸಿಕ, ವರ್ಷಕ್ಕೆ ಸಾಂವತ್ಸರಿಕ, ಕೊನೆಗೆ ಇಡೀ ಬಾಳನ್ನು ಒಟ್ಟಾಗಿ ನೋಡುವ ಉತ್ತಮಾರ್ಥ. ಈ ಏಳರಲ್ಲಿ ಒಂದು ಸೂಕ್ಷ್ಮವಾದ ತಿಳಿವಳಿಕೆ ಇದೆ. ದಿನದ ಅಳತೆಯಲ್ಲಿ ಕಾಣದ ದೋಷ ಪಕ್ಷದ ಅಳತೆಯಲ್ಲಿ ಕಾಣುತ್ತದೆ. ಒಂದು ದಿನದ ಸಿಡುಕು ಕೇವಲ ದಣಿವಿನ ಫಲವೆನ್ನಿಸಬಹುದಾದರೂ ನಾಲ್ಕು ತಿಂಗಳ ಸಿಡುಕನ್ನು ಸ್ವಭಾವವೆಂದು ಒಪ್ಪಿಕೊಳ್ಳದೆ ಗತಿಯಿಲ್ಲ. ದಿನಚರಿಯನ್ನು ಬರೆಯುವವರಲ್ಲಿ ಹೆಚ್ಚಿನವರು ದೈವಸಿಕದಲ್ಲಿಯೇ ನಿಂತುಬಿಡುತ್ತಾರೆ. ಪುಟಗಳು ತುಂಬುತ್ತವೆ, ಆದರೆ ಹಿಂದಿನ ಪುಟಗಳನ್ನು ತೆರೆಯುವ ದಿನವನ್ನು ಅವರು ಗೊತ್ತುಮಾಡಿಕೊಂಡಿರುವುದಿಲ್ಲ.

ಏನನ್ನು ನೆನೆಯಬೇಕು ಎಂಬ ವಿಷಯದಲ್ಲಿಯೂ ಶಾಸ್ತ್ರ ಅಷ್ಟೇ ಖಚಿತವಾಗಿದೆ. ಕರ್ಮವು ಮನಸ್ಸು, ಮಾತು, ಮೈ ಎಂಬ ಮೂರರಿಂದ ಆಗುತ್ತದೆ; ಪ್ರತಿಯೊಂದರಲ್ಲಿಯೂ ತಾನೇ ಮಾಡಿದ್ದು ಕೃತ, ಇನ್ನೊಬ್ಬರಿಂದ ಮಾಡಿಸಿದ್ದು ಕಾರಿತ, ಮಾಡಿದವರನ್ನು ಒಪ್ಪಿದ್ದು ಅನುಮತ; ಹೀಗೆ ಒಟ್ಟು ಒಂಬತ್ತು ಬಗೆ. ಮಳೆಯನ್ನು ನಂಬಿದ ಈ ಸೀಮೆಯ ಹೊಲಗಳಲ್ಲಿ ಎಂದೂ ತೀರದ ಬದುವಿನ ಜಗಳವನ್ನೇ ಉದಾಹರಣೆಯಾಗಿ ತೆಗೆದುಕೊಂಡರೆ ಈ ವಿಂಗಡಣೆಯ ಹರಿತ ತಿಳಿಯುತ್ತದೆ. ರೈತನೊಬ್ಬನು ನೆರೆಯವನ ಬದುವನ್ನು ಒಂದು ಸಾಲಿನಷ್ಟು ಒತ್ತಿ ಕುಂಟೆ ಹೊಡೆದರೆ ಅದು ಕೃತ. ಆಳಿಗೆ ಬಾಯಿಬಿಟ್ಟು ಹೇಳದೆ, ಅವನಿಗೆ ತಿಳಿಯುವಂತೆ ನಡೆದುಕೊಂಡು ಆ ಕೆಲಸ ಮಾಡಿಸಿದರೆ ಅದು ಕಾರಿತ. ಮಗನು ತಾನಾಗಿಯೇ ಒತ್ತಿದ್ದನ್ನು ಕಂಡೂ ಕಾಣದಂತೆ ಮನೆಗೆ ಬಂದು, ಸುಗ್ಗಿಯಲ್ಲಿ ಆ ಸಾಲಿನ ಜೋಳವನ್ನೂ ರಾಶಿಗೆ ಸೇರಿಸಿಕೊಂಡರೆ ಅದು ಅನುಮತ. ಮೂರನೆಯದು ಯಾವ ಪಂಚಾಯಿತಿಯ ಮುಂದೆಯೂ ಬರುವುದಿಲ್ಲ, ಸಾಮಾನ್ಯ ದಿನಚರಿಯಲ್ಲಿಯೂ ಬರುವುದಿಲ್ಲ, ಏಕೆಂದರೆ ಅಂದು ಆತ 'ಏನನ್ನೂ ಮಾಡಿಲ್ಲ'. ಮಧ್ಯವಯಸ್ಸಿನವರ ತಪ್ಪುಗಳಲ್ಲಿ ದೊಡ್ಡ ಪಾಲು ಈ ಮೂರನೆಯ ಬಗೆಯದ್ದೇ ಆಗಿರುತ್ತದೆ.

ಪ್ರತಿಕ್ರಮಣಕ್ಕೆ ಜೊತೆಯಾಗಿ ಆಲೋಚನಾ ಎಂಬುದಿದೆ. ಗುರುವಿನ ಮುಂದೆ ದೋಷವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದು ಅದರ ಅರ್ಥ. ಶಿವಾರ್ಯನ ಪ್ರಾಕೃತ ಗ್ರಂಥ ಭಗವತೀ ಆರಾಧನಾ, ಎಂದರೆ ಹಳಗನ್ನಡ ಗದ್ಯಕೃತಿ ವಡ್ಡಾರಾಧನೆಯ 19 ಕಥೆಗಳಿಗೆ ಹಿನ್ನೆಲೆಯಾದ ಗ್ರಂಥ, ಆಲೋಚನೆಗೆ ತಗಲುವ ಹತ್ತು ದೋಷಗಳನ್ನು ಪಟ್ಟಿಮಾಡುತ್ತದೆ. ಇತರರು ಕಂಡ ತಪ್ಪನ್ನು ಮಾತ್ರ ಹೇಳುವುದು, ಚಿಕ್ಕದನ್ನು ನುಂಗಿ ದೊಡ್ಡದನ್ನಷ್ಟೇ ಹೇಳುವುದು, ದೊಡ್ಡದನ್ನು ಅಡಗಿಸಲು ಚಿಕ್ಕದನ್ನು ಹೇಳುವುದು, ಗುರುವಿನಲ್ಲಿ ಕನಿಕರ ಹುಟ್ಟಿಸಿ ಹೇಳುವುದು, ಗದ್ದಲದ ನಡುವೆ ಯಾರಿಗೂ ಕೇಳದಂತೆ ಹೇಳಿಬಿಡುವುದು, ಅದೇ ತಪ್ಪು ಮಾಡಿದವನನ್ನು ಹುಡುಕಿ ಅವನ ಮುಂದೆ ಹೇಳುವುದು ಇವು ಅವುಗಳಲ್ಲಿ ಕೆಲವು. ಸಾವಿರ ವರ್ಷಕ್ಕೂ ಹಿಂದಿನ ಈ ಪಟ್ಟಿ ಇಂದಿನ ಆತ್ಮಕಥೆಗಳನ್ನೂ ದಿನಚರಿಗಳನ್ನೂ ವಿಮರ್ಶಿಸಲು ಸಾಕಾಗುತ್ತದೆ. ಅಲ್ಲದೆ ಜೈನರು ತನ್ನನ್ನು ತಾನೇ ಒಳಗೆ ಜರೆದುಕೊಳ್ಳುವ ನಿಂದಾ ಮತ್ತು ಗುರುಸಾಕ್ಷಿಯಾಗಿ ಜರೆದುಕೊಳ್ಳುವ ಗರ್ಹಾ ಎಂಬ ಎರಡನ್ನು ಬೇರೆಯಾಗಿಯೇ ಇಟ್ಟರು. ಬೀಗ ಹಾಕಿಟ್ಟ ದಿನಚರಿಯಲ್ಲಿ ಮೊದಲನೆಯದಷ್ಟೇ ಸಾಧ್ಯ. ಕಾಗದ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ, ಆದರೆ ಮರುಪ್ರಶ್ನೆ ಹಾಕುವುದಿಲ್ಲ. ರೋಮಿನ ಸ್ಟೋಯಿಕ್ ತತ್ತ್ವಜ್ಞಾನಿ ಸೆನೆಕಾ ಕೂಡ ಕೋಪವನ್ನು ಕುರಿತ ಗ್ರಂಥದಲ್ಲಿ, ಮನೆಯ ದೀಪ ಆರಿದ ಮೇಲೆ ತನ್ನ ದಿನವನ್ನೆಲ್ಲ ತಾನೇ ವಿಚಾರಣೆಗೆ ಒಳಪಡಿಸುತ್ತಿದ್ದುದನ್ನು ವಿವರಿಸುತ್ತಾನೆ. ಆದರೆ ಅಲ್ಲಿ ಆರೋಪಿಯೂ ನ್ಯಾಯಾಧೀಶನೂ ಒಬ್ಬನೇ ಆಗಿರುವುದರಿಂದ ಕ್ಷಮೆಯೂ ಸುಲಭವಾಗಿ ದೊರೆಯುತ್ತದೆ.

ಈ ಹಿನ್ನೆಲೆಯಲ್ಲಿ ಬಾಳಿನ ಹಂತಗಳನ್ನು ನೋಡಬಹುದು. ಎಳೆಯ ಪ್ರಾಯದವರ ದಿನಚರಿ ಸಹಜವಾಗಿಯೇ ಸಂಕಲ್ಪಗಳ ಪುಸ್ತಕ; ಅವರ ಮುಂದಿರುವುದು ಆದದ್ದಕ್ಕಿಂತ ಆಗಬೇಕಾದದ್ದು. ಹಿಂದಿನದಕ್ಕೆ ಪ್ರತಿಕ್ರಮಣವಿದ್ದಂತೆ ಮುಂದಿನದಕ್ಕೆ ಪ್ರತ್ಯಾಖ್ಯಾನ, ಎಂದರೆ ಇಂಥದ್ದನ್ನು ಇನ್ನು ಮಾಡೆನೆಂಬ ತ್ಯಾಗದ ನಿಶ್ಚಯ ಇದೆ. ಈ ವಯಸ್ಸಿಗೆ ಅದೇ ಹೊಂದುತ್ತದೆ. ಕುವೆಂಪು ಅವರ ಆತ್ಮಕಥೆ 'ನೆನಪಿನ ದೋಣಿಯಲ್ಲಿ' ವಿದ್ಯಾರ್ಥಿದೆಸೆಯ ದಿನಚರಿಯ ಪುಟಗಳನ್ನು ಬಳಸಿಕೊಂಡಿದೆ. ಹದಿಹರೆಯದ ಬರಹವು ವೃದ್ಧಾಪ್ಯದಲ್ಲಿ ಸಾಕ್ಷ್ಯವಾಗಿ ಬಂದಾಗ ಅದನ್ನು ಓದುವವನು ಬರೆದವನಿಗೆ ಬಹುಮಟ್ಟಿಗೆ ಹೊಸಬನೇ ಆಗಿರುತ್ತಾನೆ, ಆ ಬರಹಕ್ಕೆ ಮರುಪ್ರಶ್ನೆ ಹಾಕಬಲ್ಲವನೂ ಆಗಿರುತ್ತಾನೆ; ಗರ್ಹೆಗೆ ಬೇಕಾದ ಇನ್ನೊಬ್ಬ ಕೇಳುಗನನ್ನು ದಿನಚರಿ ಕಾಲದ ಮೂಲಕವೇ ಪಡೆದುಕೊಳ್ಳುತ್ತದೆ ಎನ್ನಬಹುದು.

ಗೃಹಸ್ಥರ ಬರಹವು ಅವರೊಬ್ಬರದೇ ಆಗಿ ಉಳಿಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹರಪನಹಳ್ಳಿ ಭೀಮವ್ವ ಭೀಮೇಶಕೃಷ್ಣ ಎಂಬ ಅಂಕಿತದಲ್ಲಿ, ಎಂದರೆ ರಚನೆಯ ಕೊನೆಗೆ ಬರುವ ಇಷ್ಟದೈವದ ಹೆಸರಿನಲ್ಲಿ, ಹಾಡುಗಳನ್ನು ಕಟ್ಟಿದರು. ಅಂಥ ಸಂಪ್ರದಾಯದ ಹಾಡುಗಳನ್ನು ಮನೆಯ ಹೆಂಗಸರು ಕೈಯಾರೆ ನಕಲು ಮಾಡಿಕೊಂಡು ಹಾಡಿನ ಪುಸ್ತಕಗಳಲ್ಲಿ ಕಾಪಾಡಿದರು. ಅಂಥ ಪುಸ್ತಕದಲ್ಲಿ ಬರೆದವಳ ಹೆಸರಿಲ್ಲ, ತಾರೀಖಿಲ್ಲ, ಅಳಲಿಲ್ಲ. ಆದರೆ ಯಾವ ಹಾಡನ್ನು ಆರಿಸಿದಳು, ಯಾವುದನ್ನು ಮೊದಲು ಬರೆದಳು ಎಂಬುದರಲ್ಲಿ ಅವಳ ಬಾಳಿನ ಒಂದು ನಕ್ಷೆಯೇ ಇದೆ. ಹರಿದಾಸರು ಭಕ್ತಿಯ ಒಂಬತ್ತು ಬಗೆಗಳಲ್ಲಿ ಕೊನೆಯದಾಗಿ ಒಪ್ಪುವ ಆತ್ಮನಿವೇದನೆ, ತನ್ನನ್ನು ಪೂರ್ತಿಯಾಗಿ ದೇವರಿಗೆ ಒಪ್ಪಿಸುವುದು, ಇಲ್ಲಿ ತನ್ನ ಬಗ್ಗೆ ಒಂದು ಮಾತನ್ನೂ ಬರೆಯದೆ ನಡೆದಿದೆ. ದಿನಚರಿಗೆ 'ನಾನು' ಅನಿವಾರ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ನಡುವಯಸ್ಸಿನ ಮರುಓದಿಗೆ ಮಾದರಿ ಉತ್ತರದ ಜೈನ ವ್ಯಾಪಾರಿ ಬನಾರಸೀದಾಸನಲ್ಲಿ ಸಿಗುತ್ತದೆ. 1586ರಲ್ಲಿ ಹುಟ್ಟಿದ ಈತ 1641ರಲ್ಲಿ, 55ನೆಯ ವಯಸ್ಸಿನಲ್ಲಿ, ಆಗ್ರಾದಲ್ಲಿ ತನ್ನ ಬಾಳನ್ನು ಪದ್ಯದಲ್ಲಿ ಬರೆದು, ಮನುಷ್ಯನ ಆಯುಷ್ಯ 110 ವರ್ಷವೆಂಬ ಲೆಕ್ಕದಲ್ಲಿ ಅದಕ್ಕೆ 'ಅರ್ಧಕಥಾನಕ' ಎಂಬ ಹೆಸರಿಟ್ಟ. ವ್ಯಾಪಾರದ ನಷ್ಟವನ್ನೂ ಮಕ್ಕಳ ಸಾವನ್ನೂ ಹೇಳಿದ ಮೇಲೆ ತನ್ನ ಗುಣಗಳನ್ನು ಒಂದೆಡೆ, ದೋಷಗಳನ್ನು ಇನ್ನೊಂದೆಡೆ ಪಟ್ಟಿಮಾಡುತ್ತಾನೆ. ಯೌವನದಲ್ಲಿ ಬರೆದ ಶೃಂಗಾರದ ಪದ್ಯಗಳನ್ನು ತಾನೇ ಗೋಮತಿ ನದಿಗೆ ಎಸೆದದ್ದನ್ನೂ ಆತ ಮರೆಮಾಚುವುದಿಲ್ಲ. ಹೀಗೆ ಒಬ್ಬನೇ ಲೇಖಕನು ಒಂದು ಬರಹವನ್ನು ನೀರಿಗೆ ಕೊಟ್ಟು, ಕೊಟ್ಟ ಸಂಗತಿಯನ್ನು ಇನ್ನೊಂದು ಬರಹದಲ್ಲಿ ಉಳಿಸಿದ. ಎರಡೂ ಆತನ ಸಾಧನೆಯ ಭಾಗಗಳೇ ಆಗಿದ್ದವು.

ಅಳಿಸುವಿಕೆಯನ್ನು ಬರವಣಿಗೆಯ ಒಳಗೇ ಇಟ್ಟುಕೊಂಡ ಸಾಧನವೊಂದು ಕನ್ನಡ ನಾಡಿನಲ್ಲಿ ನಿತ್ಯಬಳಕೆಯಲ್ಲಿತ್ತು. ಕಡತ ಎಂದರೆ ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕೂಡಿಸಿ ಎರಡೂ ಬದಿಗೆ ಬಳಿದು, ಒಣಗಿಸಿ, ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ, ಬರೆಯಲು ಬಳಪ. ಮೈಸೂರಿನಲ್ಲಿ ಅಧಿಕಾರಿಯಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾಗತೊಡಗಿದ ತನ್ನ ಇತಿಹಾಸಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಶಾನುಭೋಗರು, ವ್ಯಾಪಾರಿಗಳು, ಮಠಗಳು ಲೆಕ್ಕವನ್ನು ಇದರಲ್ಲಿ ಇಟ್ಟರು. ಲೆಕ್ಕ ತೀರಿದ ಮೇಲೆ ಅಳಿಸಿ ಮತ್ತೆ ಬರೆಯಬಹುದಾಗಿತ್ತು; ಉಳಿಸಬೇಕೆಂದರೆ ಬಹುಕಾಲ ಉಳಿಯುತ್ತಲೂ ಇತ್ತು. ಯಾವುದನ್ನು ಉಳಿಸಬೇಕು, ಯಾವುದನ್ನು ಒರೆಸಬೇಕು ಎಂಬ ತೀರ್ಮಾನ ಹೀಗೆ ಸಾಧನದ ಮೇಲೆ ಬೀಳದೆ ಬರೆಯುವವನ ಮೇಲೆ ಬೀಳುತ್ತಿತ್ತು. ಎಲ್ಲವನ್ನೂ ತಾನಾಗಿ ಕೂಡಿಡುವ ಇಂದಿನ ಮೊಬೈಲ್ ಫೋನು ಆ ತೀರ್ಮಾನದ ಹೊಣೆಯನ್ನೇ ಮನುಷ್ಯನಿಂದ ತೆಗೆದುಬಿಟ್ಟಿದೆ.

ಇಳಿವಯಸ್ಸಿನ ವಿಷಯದಲ್ಲಿ ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರ ಸ್ಪಷ್ಟವಾದ ಕ್ರಮವನ್ನು ಹೇಳುತ್ತದೆ. ಗೃಹಸ್ಥ ಶ್ರಾವಕನು ಹನ್ನೊಂದು ಪ್ರತಿಮೆಗಳಲ್ಲಿ, ಎಂದರೆ ವ್ರತದ ಮೆಟ್ಟಿಲುಗಳಲ್ಲಿ, ಮೇಲೇರುತ್ತ ಉದ್ಯೋಗವನ್ನೂ ಸೊತ್ತನ್ನೂ ಬಿಡುತ್ತಾನೆ. ಹತ್ತನೆಯ ಮೆಟ್ಟಿಲಿನಲ್ಲಿ ಮನೆಯ ವ್ಯವಹಾರಕ್ಕೆ ಒಪ್ಪಿಗೆ ಕೊಡುವುದನ್ನೂ ಬಿಡುತ್ತಾನೆ. ಅನುಮತದ ದೋಷ ಅಲ್ಲಿಗೆ ಮುಗಿಯುತ್ತದೆ. ಮರಣ ಸಮೀಪಿಸಿದಾಗ ಸ್ನೇಹವೈರಗಳನ್ನು ತೊರೆದು, ಬಂಧುಗಳನ್ನೂ ಪರಿಜನರನ್ನೂ ತಾನು ಕ್ಷಮಿಸಿ, ಅವರಿಂದಲೂ ಕ್ಷಮೆ ಬೇಡಿ, ಕೃತಕಾರಿತಾನುಮತಗಳನ್ನೆಲ್ಲ ಕಪಟವಿಲ್ಲದೆ ಹೇಳಿಕೊಳ್ಳಬೇಕು. ಇಲ್ಲಿ ಓದುಗರು ಬದಲಾಗುತ್ತಾರೆಂಬುದು ಮುಖ್ಯ. ಬಾಳೆಲ್ಲ ತನಗಾಗಿ ಬರೆದುಕೊಂಡದ್ದರಲ್ಲಿ ಯಾವ ಮಾತು ಯಾರಿಗೆ ಸಲ್ಲಬೇಕೋ ಅದನ್ನು ಅವರಿಗೆ ಮುಟ್ಟಿಸುವ ಕಾಲ ಅದು. ಕನ್ನಡ ಮತ್ತು ತೆಲುಗು ಮನೆಗಳಲ್ಲಿ ವಯಸ್ಸಾದವರು ಗೆರೆಯೆಳೆದ ಪುಸ್ತಕದಲ್ಲಿ ರಾಮನಾಮವನ್ನು ಬರೆಯುತ್ತ ಕೋಟಿಯನ್ನು ತುಂಬಿಸುವ ರಾಮಕೋಟಿಯೂ ಈ ಹಂತಕ್ಕೇ ಸೇರಿದ ಬರಹ. ದಿನವೂ ಬರೆದರೂ ಅದರಲ್ಲಿ ಬರೆದವರ ಸುದ್ದಿಯೇ ಇರುವುದಿಲ್ಲ.

ದೋಷವನ್ನು ನೆನೆಯುವ ಈ ಎಲ್ಲ ಏರ್ಪಾಡಿಗೂ ಜೈನ ಪರಂಪರೆಯ ಒಳಗಿನಿಂದಲೇ ತೀಕ್ಷ್ಣವಾದ ಆಕ್ಷೇಪ ಬಂದಿದೆ. ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಪ್ರತಿಕ್ರಮಣ, ನಿಂದಾ, ಗರ್ಹಾ ಮೊದಲಾದ ಎಂಟನ್ನು ವಿಷದ ಕೊಡವೆಂದೂ ಅವುಗಳಿಲ್ಲದಿರುವಿಕೆಯನ್ನು ಅಮೃತದ ಕೊಡವೆಂದೂ ಕರೆಯುತ್ತಾರೆ. ದೋಷವನ್ನು ಎಣಿಸುವವನು 'ದೋಷ ಮಾಡಿದವನು ನಾನು' ಎಂಬ ಭಾವವನ್ನೇ ದಿನದಿನವೂ ಗಟ್ಟಿಮಾಡಿಕೊಳ್ಳುತ್ತಾನೆ, ಶುದ್ಧಾತ್ಮನಿಗೆ ಆ ಕರ್ತೃತ್ವವೇ ಇಲ್ಲ ಎಂಬ ನೆಲೆಯಿಂದ ಈ ಮಾತನ್ನು ಅರ್ಥಮಾಡಿಕೊಳ್ಳಬೇಕು. ವ್ಯಾಖ್ಯಾನಕಾರ ಅಮೃತಚಂದ್ರರು ಇದನ್ನು ಮೈಗಳ್ಳತನದ ಸಮರ್ಥನೆಯಾಗಿ ಓದಬಾರದೆಂದು ಎಚ್ಚರಿಸುತ್ತಾರೆ. ಪ್ರತಿಕ್ರಮಣವನ್ನೇ ಮಾಡದ ಅಜ್ಞಾನಿಯ ಸ್ಥಿತಿ ಕೆಳಗಿನದು, ಮಾಡುವವನದು ಅದಕ್ಕಿಂತ ಮೇಲು, ಅದನ್ನು ದಾಟಿದವನದು ಮೂರನೆಯದು. ಎರಡನೆಯದನ್ನು ಹಾಯದೆ ಮೂರನೆಯದಿಲ್ಲ. ಅಪರಾಧಪ್ರಜ್ಞೆಯನ್ನೇ ಅಲಂಕಾರವಾಗಿ ತೊಡುವ ದಿನಚರಿಗಳು ಎರಡನೆಯ ಸ್ಥಿತಿಯಲ್ಲಿಯೇ ಮನೆ ಕಟ್ಟಿಕೊಂಡವು.

ಹಂತಗಳನ್ನು ವಯಸ್ಸಿನಿಂದಲೇ ಅಳೆಯಬೇಕೆಂಬ ನಿಯಮವೂ ಇಲ್ಲ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಉಜ್ಜಯಿನಿ ಇಂದಿನ ಕೊಟ್ಟೂರು ತಾಲ್ಲೂಕಿನಲ್ಲಿದೆ. ಆ ಧರ್ಮದ ಷಟ್‌ಸ್ಥಲ ಸಿದ್ಧಾಂತವು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ನೆಲೆಗಳನ್ನು ಹೇಳುವಾಗ ಪ್ರಾಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಶರಣರ ವಚನಗಳಿಗೆ ಅಂಕಿತವಿದೆ, ತಿಥಿಯಿಲ್ಲ. ಅವುಗಳನ್ನು ಮುಂದೆ ಸಂಕಲಿಸಿದವರೂ ಸ್ಥಲಗಳ ಕ್ರಮದಲ್ಲಿ ಜೋಡಿಸಿದರು. ಎಪ್ಪತ್ತು ದಾಟಿದವನು ಸಂಕಲ್ಪದ ಪುಸ್ತಕವನ್ನು ಹೊಸದಾಗಿ ಆರಂಭಿಸಬಹುದು, ಇಪ್ಪತ್ತರವಳು ಕ್ಷಮೆಯ ಪುಟಕ್ಕೆ ಬಂದಿರಬಹುದು.

ಒಟ್ಟಿನಲ್ಲಿ, ದಿನಚರಿಯ ಬೆಲೆ ಅದರ ಪ್ರಾಮಾಣಿಕತೆಯೊಂದರಿಂದಲೇ ನಿರ್ಣಯವಾಗುವುದಿಲ್ಲ. ಬರೆಯುವುದಕ್ಕೆ ದಿನವೂ ಒಂದು ಹೊತ್ತು ಇರುವಂತೆ, ಓದುವುದಕ್ಕೆ ಪಕ್ಷ, ಋತು, ವರ್ಷಗಳ ಗಡುವು ಇರಬೇಕು. ಓದಿದ್ದರಲ್ಲಿ ಇನ್ನೊಬ್ಬರಿಗೆ ಸಲ್ಲಬೇಕಾದದ್ದು ಅವರಿಗೆ ಸಲ್ಲಬೇಕು. ಸಂದ ಮೇಲೆ ಉಳಿದದ್ದನ್ನು ಅಳಿಸುವ ಅಧಿಕಾರ ಬರೆದವರಲ್ಲಿಯೇ ಇರಬೇಕು. ಈ ನಾಲ್ಕರಲ್ಲಿ ಮೊದಲನೆಯದಷ್ಟೇ ನಡೆದರೆ ದಿನಚರಿ 'ನಾನು' ಎಂಬುದಕ್ಕೆ ನಿಲ್ಲಿಸಿಕೊಂಡ ದಾನಶಾಸನವಾಗುತ್ತದೆ. ನಾಲ್ಕೂ ನಡೆದರೆ ಅದು ಸಾಧನೆ, ಮತ್ತು ಎಲ್ಲ ಸಾಧನೆಗಳಂತೆ ಅದನ್ನೂ ಒಂದು ದಿನ ನಿಲ್ಲಿಸಬಹುದು.