ಬೆಳೆಯದ ಹುಡುಗ

ನಮ್ಮ ಪುರಾಣದ ಮಾರ್ಕಂಡೇಯ ಹದಿನಾರರಲ್ಲೇ ನಿಂತುಬಿಟ್ಟ. ಅದು ಅವನಿಗೆ ಶಿವ ಕೊಟ್ಟ ವರ. ಜಪಾನಿನ ಕಥೆಯೊಂದರಲ್ಲೂ ಒಬ್ಬ ಹುಡುಗ ಹಾಗೇ ಬೆಳೆಯದೆ ನಿಂತ. ಅವನ ಪಾಲಿಗೆ ಅದೇ ಶಾಪವಾಯಿತು. ಚಿತ್ರಕಥೆಗಾರ ಒಸಾಮು ತೆಜುಕಾ ಬರೆದ ಆ ಹುಡುಗನ ಹೆಸರು ಆಟಮ್. ಅಮೆರಿಕದ ಮಕ್ಕಳು ಅವನನ್ನು ಆಸ್ಟ್ರೋ ಬಾಯ್ ಎಂದು ಕರೆದರು.

ಅವನ ಹುಟ್ಟಿನ ಹಿಂದೆ ಒಂದು ಸಾವಿದೆ. ವಿಜ್ಞಾನಿ ಡಾಕ್ಟರ್ ತೆನ್ಮಾನ ಮಗ ತೊಬಿಯೊ ವಾಹನ ಅಪಘಾತದಲ್ಲಿ ತೀರಿಕೊಳ್ಳುತ್ತಾನೆ. ಸಂಕಟ ತಾಳಲಾರದ ಅಪ್ಪ ಮಗನ ಪಡಿಯಚ್ಚಿನಂಥ ರೋಬಾಟ್ ಒಂದನ್ನು ಮಾಡುತ್ತಾನೆ. ಅದಕ್ಕೆ ಲಕ್ಷ ಅಶ್ವಶಕ್ತಿಯ ಬಲ, ಹಾರಲು ಕಾಲಿನಲ್ಲಿ ಜೆಟ್, 60 ಭಾಷೆಗಳ ತಿಳಿವು, ಎದುರಿಗಿರುವವರು ಒಳ್ಳೆಯವರೋ ಕೆಟ್ಟವರೋ ಎಂದು ಅರಿಯುವ ಶಕ್ತಿ. ಆದರೆ ಅವನ ಅಂಗಿ ಗಿಡ್ಡವಾಗುವುದಿಲ್ಲ, ಬೂಟು ಬಿಗಿಯಾಗುವುದಿಲ್ಲ. ಹುಡುಗ ಬೆಳೆಯುತ್ತಿಲ್ಲವೆಂದು ಸಿಟ್ಟಾದ ತೆನ್ಮಾ ಅವನನ್ನು ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಅಲ್ಲಿಂದ ಬಿಡಿಸಿ ತಂದವರು ದಪ್ಪ ಮೂಗಿನ ಪ್ರೊಫೆಸರ್ ಒಚಾನೊಮಿಝು.

ಮಕ್ಕಳ ಕಥೆಯಲ್ಲಿ ಇಷ್ಟು ಕಹಿಯೇ ಎನಿಸುತ್ತದೆ. ಆಮೇಲೆ ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ನಾವು ಪ್ರೀತಿಸುವುದು ಕಣ್ಣೆದುರಿನ ಮಗುವನ್ನೋ, ಅದು ಮುಂದೆ ಏನಾಗಬೇಕೆಂದು ನಾವು ಬಯಸಿದ್ದೇವೋ ಅದನ್ನೋ?

ತೆಜುಕಾ ವೈದ್ಯಶಾಸ್ತ್ರ ಓದಿದವರು. ಹದಿಹರೆಯದಲ್ಲೇ ಒಸಾಕಾದ ಮೇಲೆ ಬಾಂಬು ಸುರಿದದ್ದನ್ನು ಕಂಡಿದ್ದರು. 1951ರಲ್ಲಿ ಅವರ ಮಾಂಗಾ ಚಿತ್ರಕಥೆಯೊಂದರೊಳಗೆ ಆಟಮ್ ಬಂದಾಗ ಅವನದು ಪಕ್ಕದ ಪಾತ್ರ. ಮರುವರ್ಷ ಅವನೇ ನಾಯಕನಾದ. ಹಿರೋಶಿಮಾ, ನಾಗಸಾಕಿಗಳು ಬೂದಿಯಾಗಿ ಏಳೇ ವರ್ಷವಾಗಿತ್ತು. ಅದೇ ನಾಡಿನ ಮಕ್ಕಳು, ಎದೆಯೊಳಗೆ ಅಣುಶಕ್ತಿಯನ್ನೇ ಇಟ್ಟುಕೊಂಡ ಹುಡುಗನನ್ನು ತಮ್ಮವನೆಂದು ಅಪ್ಪಿಕೊಂಡರು. ಊರು ಸುಟ್ಟ ಶಕ್ತಿ ಒಂದು ಮಗುವಿನ ಮೈಯಲ್ಲಿ ಸೇರಿ, ಜನರನ್ನು ಕಾಯಲು ಹಾರಿ ಬರುವುದೆಂದರೆ! ಭಯವನ್ನು ಇಷ್ಟು ಹತ್ತಿರಕ್ಕೆ ಕರೆದು ಕೂರಿಸಿದ ಕಲ್ಪನೆ ನನ್ನನ್ನು ಬೆರಗಾಗಿಸುತ್ತದೆ.

1963ರ ಜನವರಿ 1ರಂದು ಆಟಮ್ ಅನಿಮೇಷನ್ ಆಗಿ ಟಿವಿಗೆ ಬಂದ. ವಾರಕ್ಕೊಂದು ಅರ್ಧ ಗಂಟೆಯ ಕಂತು. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಅಷ್ಟಕ್ಕೂ ಚಿತ್ರ ಬರೆಯಲು ತೆಜುಕಾರ ಸ್ಟುಡಿಯೋದಲ್ಲಿ ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ. ಹಾಗಾಗಿ ಒಂದೇ ಚಿತ್ರವನ್ನು ಮೂರು ಚೌಕಟ್ಟಿನುದ್ದಕ್ಕೂ ಹಿಡಿದಿಟ್ಟರು. ಮಾತಾಡುವಾಗ ಮುಖ ಸುಮ್ಮನಿದ್ದು ಬಾಯಿ ಮಾತ್ರ ಆಡುತ್ತಿತ್ತು. ಒಮ್ಮೆ ಹಾರಿದ ಆಟಮ್‌ನ ಚಿತ್ರವನ್ನು ತೆಗೆದಿಟ್ಟು, ಬೇರೆ ಆಕಾಶದ ಮುಂದೆ ಮತ್ತೆ ಹಾರಿಸುತ್ತಿದ್ದರು. ಚಿತ್ರ ಬರೆಯುವ ಕೈಗಳು ರಾತ್ರಿಯೆಲ್ಲ ದುಡಿದವು. ಅಗ್ಗಕ್ಕೆ ಚಿತ್ರ ಮಾಡಿಕೊಡುವ ರೂಢಿಯ ಭಾರವನ್ನು ಜಪಾನಿನ ಅನಿಮೇಷನ್ ಉದ್ಯಮ ಬಹುಕಾಲ ಹೊತ್ತಿತು.

ಇಷ್ಟೆಲ್ಲ ಕೊರತೆ ಇದ್ದರೂ ಮಕ್ಕಳಿಗೆ ಅವನು ಹಾರಿದಂತೆಯೇ ಕಂಡ. ಜಪಾನಿನಲ್ಲಿ ಒಂದು ಹಂತದಲ್ಲಿ ನೋಡುಗರ ಪ್ರಮಾಣ ಶೇಕಡಾ 40ನ್ನು ದಾಟಿತು. 1963ರಲ್ಲೇ ಅವನು ಅಮೆರಿಕದ ಟಿವಿಯನ್ನೂ ಸೇರಿದ. ಬರೆಯದೆ ಬಿಟ್ಟ ಚಲನೆಯನ್ನೆಲ್ಲ ನೋಡುವ ಕಣ್ಣೇ ತುಂಬಿಕೊಂಡಿತ್ತು. ನಮ್ಮ ತೊಗಲುಗೊಂಬೆಯಾಟದಲ್ಲೂ ಹೀಗೇ ಅಲ್ಲವೇ? ಚಪ್ಪಟೆ ಚರ್ಮದ ಹನುಮಂತ ಸಮುದ್ರ ದಾಟುವುದು ಪರದೆಯ ಮೇಲಲ್ಲ, ಎದುರು ಕೂತವರ ಮನಸ್ಸಿನಲ್ಲಿ.

193 ಕಂತುಗಳ ನಂತರ, 1966ರ ಕೊನೆಯ ದಿನ, ಭೂಮಿಯನ್ನು ಉಳಿಸಲು ಆಟಮ್ ಸೂರ್ಯನತ್ತ ಹಾರಿಹೋದ. ಆದರೂ ಅವನನ್ನು ಯಾರೂ ಹೋಗಗೊಡಲಿಲ್ಲ. ಕಥೆಯ ಪ್ರಕಾರ ಅವನ ಹುಟ್ಟಿದ ದಿನ 2003ರ ಏಪ್ರಿಲ್ 7. ಆ ದಿನ ನಿಜವಾಗಿಯೇ ಬಂದಾಗ ಸೈತಾಮಾ ಪ್ರಾಂತ್ಯದ ನೀಝಾ ನಗರ ಅವನನ್ನು ತನ್ನ ವಿಶೇಷ ನಿವಾಸಿಯೆಂದು ದಾಖಲಿಸಿಕೊಂಡಿತು. ಟೋಕಿಯೋದ ತಕದಾನೊಬಾಬಾ ನಿಲ್ದಾಣದಲ್ಲಿ ರೈಲು ಹೊರಡುವಾಗ ಅವನ ಹಾಡಿನ ರಾಗ ಕೇಳುತ್ತದೆ. 2004ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರೋಬಾಟ್ ಗೌರವಪಟ್ಟಿಯಲ್ಲಿ, ಹೋಂಡಾ ಕಂಪನಿಯ ನಡೆದಾಡುವ ರೋಬಾಟ್ ಅಸಿಮೋ ಜೊತೆಗೇ ಅವನಿಗೂ ಜಾಗ ಸಿಕ್ಕಿತು. ಇದನ್ನೆಲ್ಲ ನೋಡಲು ತೆಜುಕಾ ಇರಲಿಲ್ಲ; 1989ರಲ್ಲೇ, ಅರವತ್ತರ ವಯಸ್ಸಿನಲ್ಲಿ, ತೀರಿಕೊಂಡಿದ್ದರು.

ಬದುಕಿದ್ದಾಗ ಅವರಿಗೊಂದು ಕೊರಗಿತ್ತು. ಆಟಮ್‌ನನ್ನು ಜನ ವಿಜ್ಞಾನದ ಜಯಭೇರಿಯೆಂದು ತಿಳಿದರು; ಅವರು ಬರೆದದ್ದಾದರೋ ರೋಬಾಟುಗಳನ್ನು ಕೀಳಾಗಿ ಕಾಣುವ ಮನುಷ್ಯರ ಕಥೆಯನ್ನು. ಮನುಷ್ಯರು ಅವನನ್ನು ಪೂರ್ತಿ ತಮ್ಮವನೆನ್ನಲಿಲ್ಲ. ಮನುಷ್ಯರ ಪರ ನಿಂತದ್ದಕ್ಕೆ ಎಷ್ಟೋ ರೋಬಾಟುಗಳಿಗೂ ಅವನು ಹೊರಗಿನವನಾದ. ಆ ಒಂಟಿತನ ಎಲ್ಲ ಮೆರವಣಿಗೆಗಳ ನಡುವೆ ಮರೆಯಾಯಿತು. ಬಿಟ್ಟ ಜಾಗವನ್ನು ಓದುಗರು ತುಂಬಿಕೊಳ್ಳುವಾಗ ಬರೆದವರು ಬಯಸಿದ್ದನ್ನೇ ತುಂಬಿಕೊಳ್ಳಬೇಕೆಂದು ಎಲ್ಲಿದೆ? ಸಹೃದಯನ ಸ್ವಾತಂತ್ರ್ಯಕ್ಕೆ ಕವಿ ತೆರುವ ಬೆಲೆ ಅದು.

ಆದರೂ ಜಪಾನಿನಲ್ಲಿ ರೋಬಾಟ್ ಕಟ್ಟುವವರಲ್ಲಿ ಅನೇಕರು, ತಾವು ಈ ದಾರಿ ಹಿಡಿದದ್ದು ಬಾಲ್ಯದಲ್ಲಿ ಆಟಮ್‌ನನ್ನು ಕಂಡಿದ್ದರಿಂದ ಎನ್ನುತ್ತಾರೆ. ಅವನು ಒಂದಂಗುಲವೂ ಬೆಳೆಯಲಿಲ್ಲ. ಅವನ ಪಾಲಿನ ಬೆಳವಣಿಗೆಯನ್ನು, ಅವನನ್ನು ನೋಡಿದವರು ಬೆಳೆದರು. ಅವನಲ್ಲಿ ಎಲ್ಲರಿಗೂ ಕಂಡ ಕೊರತೆ ಒಂದೇ. ತೆನ್ಮಾ ಅದನ್ನು ಕಂಡು ಮಾರಿದ. ಮಕ್ಕಳು ಅದನ್ನು ಕಂಡು ತಮ್ಮಿಂದಲೇ ಏನನ್ನೋ ಸೇರಿಸಿದರು. ಬೆರಗು ಎಂದರೆ ಬಾಯಿ ತೆರೆದು ನಿಲ್ಲುವುದಷ್ಟೇ ಎಂದುಕೊಂಡಿದ್ದೇವೆ. ಅಪೂರ್ಣವಾದದ್ದನ್ನು ಹಾಗೆಯೇ ಒಪ್ಪಿ, ಉಳಿದ ಕೆಲಸವನ್ನು ಯಾರೂ ಹೇಳದೆ ಕೈಗೆತ್ತಿಕೊಳ್ಳುವುದೂ ಬೆರಗೇ. ಆ ಬೆರಗು ಬಂದವರಿಗೆ ಎದುರಿಗಿರುವ ಮಗು ಬೆಳೆಯದಿದ್ದರೂ ಬೇಸರವಿಲ್ಲ. ತಾವು ಬೆಳೆಯುವುದು ಬಾಕಿಯಿರುತ್ತದೆ.